ಹುಲಿ ಅಂಗಿಗೆ ಯಾವ ನೇರಳೆ? (1799ರ ಶ್ರೀರಂಗಪಟ್ಟಣ, 28 ಮಿ.ಮೀ. ಸೈನ್ಯ)

ಸೀಸದ ಸಿಪಾಯಿ, ಮೈಸೂರು · ಜುಲೈ 6

ನಮಸ್ಕಾರ ಎಲ್ಲರಿಗೂ. ಹಳೇ ಯುದ್ಧಗಳ ಪುಟ್ಟ ಗೊಂಬೆ ಸೈನಿಕರಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಸೈನ್ಯ ಕಟ್ಟುವುದು ನನ್ನ ಹವ್ಯಾಸ. ಎರಡು ವರ್ಷದಿಂದ ಒಂದೇ ಯುದ್ಧದ ಹಿಂದೆ ಬಿದ್ದಿದ್ದೇನೆ. 1799ರ ಮೇ 4, ಶ್ರೀರಂಗಪಟ್ಟಣದ ಕೋಟೆಗೆ ಕಂಪನಿ ಸೈನ್ಯ ನುಗ್ಗಿದ ದಿನ. ಗೊಂಬೆಗಳು 28 ಮಿ.ಮೀ. ಎತ್ತರದ ಅಳತೆಯ ಲೋಹದವು. ಕಂಪನಿ ಕಡೆಯವರಿಗೆ ಬಣ್ಣ ಹಚ್ಚಿ ಮುಗಿಸಿದೆ. 33ನೇ ರೆಜಿಮೆಂಟಿನವರು 24, 74ನೇ ಹೈಲ್ಯಾಂಡರುಗಳು 24, ಮದ್ರಾಸ್ ಸಿಪಾಯಿಗಳು 48. ಅವರದ್ದು ಸುಲಭ. ಕೆಂಪು ಕೋಟು, ಕಾಲರಿಗೂ ತೋಳಿನ ಮಡಿಕೆಗೂ ರೆಜಿಮೆಂಟಿನ ಬಣ್ಣ. 33ಕ್ಕೆ ಕೆಂಪೇ, 74ಕ್ಕೆ ಬಿಳಿ. ಎಲ್ಲ ಬರೆದಿಟ್ಟಿದ್ದಾರೆ, ನೋಡಿ ಹಚ್ಚಿದರೆ ಆಯಿತು.

ಈಗ ಟಿಪ್ಪು ಕಡೆಯ 96 ಕಾಲಾಳುಗಳು ಪ್ರೈಮರ್ ಹಾಕಿಸಿಕೊಂಡು ಮೇಜಿನ ಮೇಲೆ ನಿಂತಿದ್ದಾರೆ. ಮೂರು ವಾರ ಆಯಿತು, ಕುಂಚ ಎತ್ತಿಲ್ಲ. ಕಾರಣ ಅಂಗಿಯ ಬಣ್ಣ.

ಆ ಕಾಲದ ಇಂಗ್ಲಿಷ್ ಬರಹದಲ್ಲಿ ಸಿಗುವುದು ಇಷ್ಟು: ನೇರಳೆ ಬಟ್ಟೆಯ ಅಂಗಿ, ಅದರ ಮೇಲೆ ಶಂಕರಪೋಳಿ ಆಕಾರದ ಬಿಳಿ ಚುಕ್ಕೆಗಳು, ತಲೆಗೆ ಕೆಂಪು ಮಸ್ಲಿನ್ ಮುಂಡಾಸು, ಸೊಂಟಕ್ಕೆ ಅದೇ ಕೆಂಪಿನ ಪಟ್ಟಿ. ಹುಲಿ ಅಂಗಿ ಅಂತ ಇದಕ್ಕೇ ಹೆಸರು. ಸರಿ, ನೇರಳೆ ಎಂದರೆ ಯಾವ ನೇರಳೆ? ನೇರಳೆ ಹಣ್ಣಿನದೋ, ಬದನೆಕಾಯಿಯದೋ, ಒಗೆದು ಒಗೆದು ಮಾಸಿದ ಸೀರೆಯದೋ?

ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್‌ಗೆ ಮೂರು ಸಲ ಹೋಗಿ ಬಂದೆ. ಪಶ್ಚಿಮದ ಗೋಡೆಯಲ್ಲಿ ಹೈದರ್, ಟಿಪ್ಪು ಕಂಪನಿ ಸೈನ್ಯವನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, 1780ರ ಯುದ್ಧ, ಅದರ ಎದುರು ಒಂದು ಗಂಟೆ ನಿಂತಿದ್ದೆ. ಮಧ್ಯದಲ್ಲಿ ಕಂಪನಿ ಕಡೆಯ ಕರ್ನಲ್ ಬೇಲಿ (Baillie) ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಸುತ್ತ ಕೆಂಪು ಕೋಟಿನವರ ಚೌಕ. ಮದ್ದಿನ ಬಂಡಿ ಸಿಡಿಯುತ್ತಿದೆ. ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಬಣ್ಣಕ್ಕೆ ಅದನ್ನು ನಂಬುವ ಹಾಗಿಲ್ಲ. ಕೋಟೆ ಬಿದ್ದ ಮೇಲೆ ಕಂಪನಿ ಕಡೆಯ ಕರ್ನಲ್ ವೆಲ್ಲೆಸ್ಲಿ ಅಲ್ಲಿ ವಾಸ ಇದ್ದಾಗ ಒಮ್ಮೆ ಸರಿ ಮಾಡಿಸಿದ, ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬರೆಸಿದರು. ನಮಗೆ ಈಗ ಕಾಣುವುದು ಆಮೇಲಿನವರ ಕೈ.

ಯಾರಾದರೂ ಈ ಸೈನ್ಯ ಮಾಡಿದ್ದರೆ ದಯವಿಟ್ಟು ಹೇಳಿ. ಬೇರೆ ಸೈನ್ಯ ಮಾಡಿದವರೂ ಹೇಳಬಹುದು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎನ್ನುವ ವಾದ ಮಾತ್ರ ಇಲ್ಲಿ ಬೇಡ. ಇಲ್ಲಿ ಬಣ್ಣದ ಮಾತು ಸಾಕು.

ಟ್ರೆಂಟ್ ದಂಡೆ, ನಾಟಿಂಗ್‌ಹ್ಯಾಮ್ · ಜುಲೈ 6

ಸರ್, ಇಂಥ ಪ್ರಶ್ನೆ ಕನ್ನಡದಲ್ಲಿ ಓದಿ ತುಂಬಾ ಖುಷಿ ಆಯಿತು. ನಾನಿರುವ ಊರು ಈ ಹವ್ಯಾಸದ ತವರುಮನೆ. ಗೊಂಬೆ ಸೈನ್ಯ ಮಾಡುವ ದೊಡ್ಡ ಕಂಪನಿ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಇಲ್ಲೇ ಲೆಂಟನ್‌ನಲ್ಲಿದೆ. ಗೊಂಬೆ ಕೆತ್ತುವ ಪೆರ್ರಿ ಅವಳಿ ಸೋದರರು, ಇನ್ನೊಂದು ಗೊಂಬೆ ಕಂಪನಿ ವಾರ್‌ಲಾರ್ಡ್ ಗೇಮ್ಸ್, ಎಲ್ಲರೂ ಇಲ್ಲಿಯವರೇ. ಗೊಂಬೆ ಎರಕ ಹೊಯ್ಯುವವರು ಇಲ್ಲಿ ಎಷ್ಟು ಜನ ಇದ್ದಾರೆ ಎಂದರೆ ಆಟದವರು ಈ ಸೀಮೆಗೆ 'ಸೀಸದ ಪಟ್ಟಿ' ಎಂದೇ ಹೆಸರಿಟ್ಟಿದ್ದಾರೆ.

ನಿಮ್ಮ ನೇರಳೆಯ ವಿಷಯಕ್ಕೆ ಬರುತ್ತೇನೆ. ಬಣ್ಣದ ಡಬ್ಬಿ ನೋಡುವ ಮೊದಲು ಆ ಕಾಲದಲ್ಲಿ ಬಟ್ಟೆಗೆ ಏನು ಹಾಕುತ್ತಿದ್ದರು ಅಂತ ನೋಡಿ. ರಾಸಾಯನಿಕ ನೇರಳೆ ಬಂದದ್ದು 1856ರಲ್ಲಿ. ವಿಲಿಯಂ ಪರ್ಕಿನ್ ಎಂಬ ಹುಡುಗ ಲಂಡನ್ನಿನಲ್ಲಿ ಕ್ವಿನೈನ್ ಮಾಡಲು ಹೋಗಿ ಮಾವ್ ಬಣ್ಣ ಮಾಡಿಬಿಟ್ಟ. ಆಗ ಅವನಿಗೆ 18 ವರ್ಷ. ಅಂದರೆ ಮಿರಮಿರ ಮಿಂಚುವ ನೇರಳೆ 1799ರಲ್ಲಿ ಸಾವಿರಾರು ಸಿಪಾಯಿಗಳ ಮೈಮೇಲೆ ಇರುವುದು ಸಾಧ್ಯವೇ ಇಲ್ಲ. ನೀಲಿ ಗಿಡದ ಬಣ್ಣ, ಅದರ ಮೇಲೆ ಮಂಜಿಷ್ಠ ಅಥವಾ ಅರಗಿನ ಕೆಂಪು. ಎರಡರ ಪ್ರಮಾಣ ಒಂದೊಂದು ಬಾಣಲೆಗೆ ಒಂದೊಂದು ತರಹ ಇರುತ್ತದೆ. ಬಿಸಿಲಿಗೆ ಕೆಂಪು ಮೊದಲು ಹೋಗುತ್ತದೆ, ನೀಲಿ ಉಳಿಯುತ್ತದೆ.

ನಾನಾಗಿದ್ದರೆ ಮಂಕಾದ, ನೀಲಿ ಕಡೆಗೆ ವಾಲಿದ ನೇರಳೆ ತೆಗೆದುಕೊಳ್ಳುತ್ತಿದ್ದೆ. 96 ಜನರಿಗೂ ಒಂದೇ ಮಿಶ್ರಣ ಬೇಡ. ಮೂರು ಮಾಡಿಕೊಳ್ಳಿ. ಹೊಸ ಅಂಗಿ, ಒಂದು ವರ್ಷದ ಅಂಗಿ, ಹಳೇ ಅಂಗಿ. ಸಾಲಿನಲ್ಲಿ ಬೆರೆಸಿ ನಿಲ್ಲಿಸಿ. ಎಲ್ಲ ಒಂದೇ ಸೈನ್ಯ ಅಂತಲೂ ಗೊತ್ತಾಗುತ್ತದೆ, ನಿಜವಾದ ಜನ ಅಂತಲೂ ಅನ್ನಿಸುತ್ತದೆ.

ಆರು ಮಿಲಿ, ಬೆಂಗಳೂರು · ಜುಲೈ 7

ಒಳ್ಳೆಯ ಚರ್ಚೆ. ನಾನು ಬೇರೆ ದಿಕ್ಕಿನಿಂದ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

96 ಗೊಂಬೆ ಅಂದರೆ ಮುತ್ತಿಗೆಯ ಒಂದು ಮೂಲೆ ಅಷ್ಟೇ. ಶ್ರೀರಂಗಪಟ್ಟಣ ಒಂದು ದ್ವೀಪ. ಸುತ್ತ ಕಾವೇರಿ, ಕೋಟೆಯ ವಾಯವ್ಯ ಮೂಲೆಯಲ್ಲಿ ಬಿರುಕು, ಆಚೆ ದಡದಲ್ಲಿ ಕಂಪನಿ ದಂಡನಾಯಕ ಹ್ಯಾರಿಸ್‌ನ ಸೈನ್ಯ. ಇಡೀ ಚಿತ್ರ ಮೇಜಿನ ಮೇಲೆ ಬರಬೇಕು ಎಂದರೆ 6 ಮಿ.ಮೀ. ಅಳತೆಯೇ ಸರಿ. ಒಂದೊಂದು ಬೇಸ್ (ಗೊಂಬೆ ನಿಲ್ಲಿಸುವ ತಳದ ತುಂಡು) ಮೇಲೆ 30 ಜನರನ್ನು ಅಂಟಿಸಬಹುದು. ನಾನು ಒಂದು ಭಾನುವಾರಕ್ಕೆ 200 ಜನರಿಗೆ ಬಣ್ಣ ಹಚ್ಚಿ ಏಳುತ್ತೇನೆ. ಮುಂಡಾಸಿಗೆ ಒಂದು ಚುಕ್ಕೆ, ಬಂದೂಕಿಗೆ ಒಂದು ಗೆರೆ, ಮುಗೀತು.

ಚಿಕ್ಕ ಗೊಂಬೆಗೆ ಒಂದು ಗುಟ್ಟು ಇದೆ. ನಿಜವಾದ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಬಣ್ಣ ಹಚ್ಚಬೇಕು. ಇಲ್ಲದಿದ್ದರೆ ಮೇಜಿನ ಮೇಲೆ ಎಲ್ಲ ಕಪ್ಪು ಇರುವೆ ಸಾಲಿನಂತೆ ಕಾಣುತ್ತದೆ. 28ಕ್ಕೂ ಇದೇ ಮಾತು ಅರ್ಧದಷ್ಟು ಅನ್ವಯಿಸುತ್ತದೆ. ಬದನೆಕಾಯಿ ನೇರಳೆ ಹಚ್ಚಿ ಮೇಲೆ ಕಪ್ಪು ವಾಶ್ (ಸಂದಿಗಳಿಗೆ ಇಳಿಯುವ ನೀರಾದ ಬಣ್ಣ) ಕೊಟ್ಟರೆ ನಿಮ್ಮ ಹುಲಿಗಳು ರಾತ್ರಿ ಪಾಳಿಯವರಂತೆ ಕಾಣುತ್ತಾರೆ.

ಸೀಸದ ಸಿಪಾಯಿ, ಮೈಸೂರು · ಜುಲೈ 7

ಆರು ಮಿಲಿ ಅವರೇ, ನೀವು ಹೇಳಿದ್ದು ಸರಿ. ಆದರೆ ನನಗೆ ಬೇಕಾಗಿರುವುದು ಆ ಅಂಗಿ. ಆ ಚುಕ್ಕೆ. ಅದು 6 ಮಿ.ಮೀ.ನಲ್ಲಿ ಬರುವುದಿಲ್ಲ. ಚಿಕ್ಕವನಾಗಿದ್ದಾಗ ಅಪ್ಪನ ಕೈ ಹಿಡಿದು ಆ ಗೋಡೆ ನೋಡಿದ್ದೆ. ಆಗಿನಿಂದ ಅವರಲ್ಲಿ ಒಬ್ಬೊಬ್ಬರನ್ನು ಹತ್ತಿರದಿಂದ ನೋಡಬೇಕು ಅನ್ನುವ ಆಸೆ.

ಟ್ರೆಂಟ್ ದಂಡೆ ಅವರೇ, ಪರ್ಕಿನ್ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇವತ್ತು ರಾತ್ರಿ ಮೂರು ಮಿಶ್ರಣ ಮಾಡಿ ಮೂರು ಗೊಂಬೆಗೆ ಹಚ್ಚುತ್ತೇನೆ.

ಹೊಸಬ, ಹುಬ್ಬಳ್ಳಿ · ಜುಲೈ 9

ನಾ ಇಲ್ಲಿ ಹೊಸಬ ರೀ. ಇನ್ನೂ ಒಂದು ಗೊಂಬಿಗೂ ಬಣ್ಣ ಹಚ್ಚಿಲ್ಲ. ಗೆಳೆಯರೊಬ್ಬರು 10 ಪ್ಲಾಸ್ಟಿಕ್ ಸಿಪಾಯಿ ಕೊಟ್ಟಾರ. ಮೂರು ಪ್ರಶ್ನೆ ಅದಾವ. ಹೊರಗಿನ ಬಣ್ಣ ತುಟ್ಟಿ, ಇಲ್ಲಿ ಅಂಗಡಿಯೊಳಗ ಸಿಗೋ ಅಕ್ರಿಲಿಕ್ ನಡೀತದೇನು? ಕುಂಚ ಎಷ್ಟು ಸಣ್ಣದು ಬೇಕು? ಮತ್ತ ನಮ್ಮ ಮಂದಿ ಮೈಬಣ್ಣ ಹೆಂಗ ಮಾಡೋದು? ಡಬ್ಬಿ ಮ್ಯಾಲೆ 'ಚರ್ಮದ ಬಣ್ಣ' ಅಂತ ಬರದದ್ದು ಹಚ್ಚಿ ನೋಡಿದೆ, ಎಲ್ಲಾರೂ ಲಂಡನ್ನಿನವರಂಗ ಕಾಣಾಕತ್ತಾರ.

ಕಡಲೂರ ಕುಂಚ, ಮಂಗಳೂರು · ಜುಲೈ 9

ಹೊಸಬರಿಗೆ ಸ್ವಾಗತ. ನಾನು ಮಾಡುವುದು ಫ್ಯಾಂಟಸಿ. ಅಸ್ಥಿಪಂಜರಗಳ ಸೈನ್ಯ ಒಂದು, ಓರ್ಕ್ ಎಂಬ ಕಥೆಯ ರಾಕ್ಷಸರ ಸೈನ್ಯ ಒಂದು. ಆದರೂ ಮೈಬಣ್ಣದ ಬಗ್ಗೆ ಹೇಳಬಲ್ಲೆ. ನನ್ನ ಮಂತ್ರವಾದಿಗಳೆಲ್ಲ ನಮ್ಮ ಕಡೆಯವರ ಮುಖದವರೇ.

ಮೊದಲು ಅಂಗಡಿ ಬಣ್ಣ. ಕ್ಯಾಮಲ್, ಫೆವಿಕ್ರಿಲ್ ಎರಡೂ ನಡೆಯುತ್ತವೆ. ಕಾಳು ಸ್ವಲ್ಪ ದಪ್ಪ, ಅದಕ್ಕೆ ನೀರು ಹಾಕಿ ತೆಳುವಾಗಿ ಎರಡು ಮೂರು ಸಲ ಹಚ್ಚಿ. ಹಾಲಿನಷ್ಟು ತೆಳು ಇರಲಿ, ಮೊಸರಿನಷ್ಟು ಗಟ್ಟಿ ಬೇಡ. ಬಿಳಿ, ಹಳದಿ ಎರಡನ್ನು ಮಾತ್ರ ಒಳ್ಳೆಯ ಕಂಪನಿಯದ್ದು ತೆಗೆದುಕೊಳ್ಳಿ. ಅಗ್ಗದ ಬಿಳಿ ಸುಣ್ಣದ ಹಾಗೆ ಕೂರುತ್ತದೆ.

ಕುಂಚ: ಸಣ್ಣದು ಬೇಡವೇ ಬೇಡ. ಎಲ್ಲ ಹೊಸಬರೂ ಮಾಡುವ ತಪ್ಪು ಇದು. ಮೂರು ಸೊನ್ನೆಯ ಕುಂಚದಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆಗೆ ತಲುಪುವ ಮೊದಲೇ ತುದಿಯಲ್ಲಿ ಒಣಗುತ್ತದೆ. 1 ಅಥವಾ 2ನೇ ನಂಬರಿನದ್ದು, ಆದರೆ ತುದಿ ಸೂಜಿಯಂತೆ ಕೂಡುವಂಥದ್ದು ತೆಗೆದುಕೊಳ್ಳಿ. ಲೋಹದ ಬಳೆಯವರೆಗೆ ಬಣ್ಣದಲ್ಲಿ ಅದ್ದಬೇಡಿ. ಅಲ್ಲಿ ಒಣಗಿದರೆ ಕೂದಲು ಕವಲೊಡೆಯುತ್ತದೆ.

ಇನ್ನು ಮೈಬಣ್ಣ. ಕ್ಯಾಮಲ್‌ನ ಬರ್ನ್ಟ್ ಸಿಯೆನ್ನಾ ಮೂರು ಪಾಲು, ಅದಕ್ಕೆ ಒಂದು ಹನಿ ಕಡುನೀಲಿ. ಅದೇ ತಳದ ಬಣ್ಣ. ಒಣಗಿದ ಮೇಲೆ ಕೆಂಪು ಮಿಶ್ರಿತ ಕಂದು ವಾಶ್. ಆಮೇಲೆ ಮೂಗಿನ ತುದಿ, ಕೆನ್ನೆ, ಹುಬ್ಬಿನ ಮೇಲೆ, ಬೆರಳಿನ ಗೆಣ್ಣಿಗೆ ತಳದ ಬಣ್ಣಕ್ಕೆ ಯೆಲ್ಲೋ ಓಕರ್ ಬೆರೆಸಿ ಹಚ್ಚಿ. ಬಿಳಿ ಬೆರೆಸಬೇಡಿ! ಕಂದು ಮೈಗೆ ಬಿಳಿ ಬೆರೆಸಿದರೆ ಬೂದಿ ಬಳಿದುಕೊಂಡ ಹಾಗೆ ಆಗುತ್ತದೆ. ನಮ್ಮ ಮೈ ಬಿಸಿಲಲ್ಲಿ ಹೊಳೆಯುವುದು ಚಿನ್ನದ ಕಡೆಗೆ, ಸುಣ್ಣದ ಕಡೆಗಲ್ಲ. ಒಮ್ಮೆ ಕಿಟಕಿ ಹತ್ತಿರ ನಿಮ್ಮದೇ ಕೈ ನೋಡಿಕೊಳ್ಳಿ, ಗೊತ್ತಾಗುತ್ತದೆ.

ಹೊಸಬ, ಹುಬ್ಬಳ್ಳಿ · ಜುಲೈ 9

ಕೈ ನೋಡ್ಕೊಂಡೆ ರೀ. ಖರೇನ ಐತಿ!

ಸೀಸದ ಸಿಪಾಯಿ, ಮೈಸೂರು · ಜುಲೈ 14

ಮೂರು ಗೊಂಬೆ ಮುಗಿದವು. ಹೇಗೆ ಮಾಡಿದೆ ಅಂತ ಬಿಡಿಸಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಅಂಗಿಗೆ ನೀಲಿ ಎರಡು ಪಾಲು, ಕಡುಗೆಂಪು ಒಂದು ಪಾಲು, ಬೂದು ಅರ್ಧ ಪಾಲು. ಬೂದು ಬೆರೆಸಿದ ಕೂಡಲೇ ಬಣ್ಣ ಬಟ್ಟೆಯ ಹಾಗೆ ಆಯಿತು. ಅದಕ್ಕೆ ಮೊದಲು ಅದು ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಇತ್ತು. ಮಡಿಕೆಗಳಿಗೆ ತೆಳು ಕಡುನೀಲಿ ಇಳಿಸಿದೆ. ಆರು ಮಿಲಿ ಅವರ ಮಾತು ಕೇಳಿ ಕಪ್ಪು ಮುಟ್ಟಲಿಲ್ಲ. ಹಳೇ ಅಂಗಿಯವನಿಗೆ ಭುಜಕ್ಕೆ ಬೂದು ಇನ್ನಷ್ಟು.

ಆಮೇಲೆ ಚುಕ್ಕೆ. ಮೊದಲ ಗೊಂಬೆಗೆ ಶಂಕರಪೋಳಿ ಆಕಾರದ ನಾಲ್ಕು ಗೆರೆ ಎಳೆದು ಒಳಗೆ ತುಂಬಲು ಹೋದೆ. ಎರಡು ಗಂಟೆ ಹಿಡಿಯಿತು, ಕೊನೆಗೆ ಕಂಬಳಿಯ ಹಾಗೆ ಕಂಡಿತು. ಎರಡನೆಯದಕ್ಕೆ ಬೇರೆ ದಾರಿ. ಕುಂಚದ ತುದಿಯನ್ನು ಅಂಗಿಗೆ ಮುಟ್ಟಿಸಿ, ಸ್ವಲ್ಪ ಒತ್ತಿ, ಎಳೆಯುತ್ತಾ ಎತ್ತುವುದು. ಮುಟ್ಟಿದಾಗ ಚೂಪು, ಒತ್ತಿದಾಗ ಅಗಲ, ಎತ್ತಿದಾಗ ಮತ್ತೆ ಚೂಪು. ಒಂದೇ ಉಸಿರಿಗೆ ಒಂದು ಚುಕ್ಕೆ. ಎದೆಗೆ ಹತ್ತು, ಬೆನ್ನಿಗೆ ಹತ್ತು, ಒಂದೊಂದು ತೋಳಿಗೆ ಐದೈದು. ಒಟ್ಟು ಮೂವತ್ತು. ಸಾಲು ನೆಟ್ಟಗೆ ಇರಬಾರದು, ಮೇಲಿನ ಎರಡರ ನಡುವೆ ಕೆಳಗಿನ ಒಂದು. ಅಮ್ಮ ರಂಗೋಲಿಗೆ ಚುಕ್ಕಿ ಇಡುವಾಗ ಸಂದುಚುಕ್ಕಿ ಅಂತಾರಲ್ಲ, ಅದೇ ಲೆಕ್ಕ. ಶುದ್ಧ ಬಿಳಿ ಹಾಕಲಿಲ್ಲ, ಅಕ್ಕಿಯ ಬಣ್ಣ ಹಾಕಿದೆ. ಒಬ್ಬನಿಗೆ 12 ನಿಮಿಷ ಸಾಕಾಯಿತು.

ಕಣ್ಣು ಬರೆಯಲಿಲ್ಲ. ಸೈನ್ಯದ ಗೊಂಬೆಗೆ ಕಣ್ಣು ಬೇಡ ಅಂತ ನನ್ನ ಅಭಿಪ್ರಾಯ. ಕಣ್ಣಿನ ಗುಳಿಗೆ ಕಡುಕಂದು ನೆರಳು ಕೊಟ್ಟರೆ ಸಾಕು. ಬರೆದರೆ ಬೆಚ್ಚಿಬಿದ್ದವರ ಹಾಗೆ ಕಾಣುತ್ತಾರೆ. ನೀವೇನಂತೀರಿ?

ಟ್ರೆಂಟ್ ದಂಡೆ, ನಾಟಿಂಗ್‌ಹ್ಯಾಮ್ · ಜುಲೈ 14

ಒಪ್ಪಿದೆ. ಇಲ್ಲಿ ನಾವು ವಾರಕ್ಕೊಮ್ಮೆ ಆರಡಿ ನಾಲ್ಕಡಿ ಮೇಜಿನಲ್ಲಿ ಆಡುತ್ತೇವೆ. ನಿಂತು ನೋಡುವವರ ಕಣ್ಣಿಗೂ ಗೊಂಬೆಗೂ ಮೂರಡಿ ದೂರ. ಅಲ್ಲಿಂದ ಕಾಣುವುದು ಮುಂಡಾಸು, ಸೊಂಟದ ಪಟ್ಟಿ, ಬಂದೂಕು ಎಲ್ಲ ಒಂದೇ ಕೋನದಲ್ಲಿ ಇದೆಯಾ, ಬೇಸಿನ ಅಂಚು ಶುಚಿಯಾಗಿದೆಯಾ, ಅಷ್ಟೇ. ಇಷ್ಟು ಸರಿಯಿದ್ದರೆ ಇಡೀ ಸಾಲಿಗೆ ಜೀವ ಬರುತ್ತದೆ. ಸ್ಪರ್ಧೆಗೆ ಇಡುವ ಒಂಟಿ ಗೊಂಬೆಗೆ 40 ಗಂಟೆ ಕೊಡುವ ಗೆಳೆಯರು ನನಗಿದ್ದಾರೆ. ಅವರ ಕೆಲಸ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಸೈನ್ಯ ಅನ್ನುವುದು ಬೇರೆ ಕಲೆ. ಅಲ್ಲಿ ನೋಡುಗ ನೋಡುವುದು ಒಬ್ಬನನ್ನಲ್ಲ, ಸಾಲನ್ನು.

ಹನ್ನೆರಡು ಹನ್ನೆರಡಾಗಿ ಹಿಡಿಯಿರಿ. ಹನ್ನೆರಡು ಜನರಿಗೂ ಮುಂಡಾಸು, ಆಮೇಲೆ ಹನ್ನೆರಡು ಜನರಿಗೂ ಅಂಗಿ. ಹನ್ನೆರಡನೆಯವನಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಮೊದಲನೆಯವನು ಒಣಗಿರುತ್ತಾನೆ. ಇಪ್ಪತ್ತನಾಲ್ಕು ಹಿಡಿದರೆ ಬೇಸರ ಬಂದು ಬಿಟ್ಟುಬಿಡುತ್ತೀರಿ.

ಅಜ್ಜಂಪುರದ ಹುಡುಗಿ · ಜುಲೈ 16

ಎರಡು ದಿನದಿಂದ ಓದುತ್ತಿದ್ದೇನೆ, ಸುಮ್ನೆ ಇರಲು ಆಗಲಿಲ್ಲ. ಫಿರಂಗಿ ಇದೆಯಾ ನಿಮ್ಮ ಸೈನ್ಯದಲ್ಲಿ? ಅದನ್ನು ಎಳೆಯುವ ಎತ್ತು ಯಾವುದು ಹಾಕಿದ್ದೀರಿ? ಈ ಯುದ್ಧದ ಮೇಜುಗಳ ಫೋಟೋ ತುಂಬಾ ನೋಡಿದ್ದೇನೆ. ಬಹಳ ಕಡೆ ಇಂಗ್ಲೆಂಡಿನ ದನ ನಿಲ್ಲಿಸಿರುತ್ತಾರೆ. ಕಂದು ಮೈ, ಬಿಳಿ ತೇಪೆ, ಡುಬ್ಬ ಇಲ್ಲ, ಗಿಡ್ಡ ಕೊಂಬು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೈದರ್, ಟಿಪ್ಪು ಇಬ್ಬರ ಫಿರಂಗಿಗಳನ್ನು ಎಳೆದದ್ದು ನಮ್ಮ ಅಮೃತ ಮಹಲ್ ಎತ್ತುಗಳು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇತ್ತು, ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟವನೇ ಟಿಪ್ಪು. ನಮ್ಮೂರಲ್ಲಿ ಇವತ್ತಿಗೂ ಈ ತಳಿಯ ಕೇಂದ್ರ ಇದೆ. ನಾನು ಚಿಕ್ಕಂದಿನಿಂದ ಇವುಗಳ ಜೊತೆ ಬೆಳೆದವಳು.

ಬಣ್ಣ ಹೇಳುತ್ತೇನೆ, ಬರೆದುಕೊಳ್ಳಿ. ಮೈ ಬೂದು. ತಲೆ, ಕತ್ತು, ಡುಬ್ಬ, ಹಿಂಭಾಗ ಇವು ಮೈಗಿಂತ ಕಪ್ಪು. ಬಣ್ಣ ಒಂದಕ್ಕೊಂದು ಕರಗಿಕೊಂಡು ಹೋಗಬೇಕು, ಗೆರೆ ಕಾಣಬಾರದು. ಗಂಗೆದೊಗಲು ತೆಳು, ಜೋಲುವುದು ಕಡಿಮೆ. ಮೂತಿ ಕಪ್ಪು, ಗೊರಸು ಕಪ್ಪು, ಬಾಲದ ಕುಚ್ಚು ಕಪ್ಪು. ಹಣೆ ಉದ್ದ, ಕಿರಿದು, ನಡುವೆ ಒಂದು ಗೀರು. ಕೊಂಬು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಿಂದಲೇ ಹುಟ್ಟುತ್ತವೆ. ಮೊದಲು ಹಿಂದಕ್ಕೆ ಮೇಲಕ್ಕೆ ಹೋಗಿ, ಆಮೇಲೆ ಒಳಗೆ ಬಾಗುತ್ತವೆ. ತುದಿ ಚೂಪು, ಕಪ್ಪು. ಮೈ ಕಟ್ಟುಮಸ್ತು, ಕಾಲು ಸಣಕಲು. ಇದು ಓಡುವ ಎತ್ತು, ಉಂಡು ಮಲಗುವ ಎತ್ತಲ್ಲ.

ಅಂಗಡಿಯಲ್ಲಿ ಡುಬ್ಬ ಇರುವ ಎತ್ತು ಸಿಕ್ಕರೆ ಕೊಂಬು ಕತ್ತರಿಸಿ. ತಾಮ್ರದ ತಂತಿ ಬಾಗಿಸಿ ಅಂಟಿಸಿ, ಬುಡಕ್ಕೆ ಚಿಟಿಕೆ ಎಂ-ಸೀಲ್ ಮೆತ್ತಿ. ಎಂ-ಸೀಲ್ ಬೇಗ ಗಟ್ಟಿಯಾಗುತ್ತದೆ, ಒಂದು ಜೊತೆಗೆ ಬೇಕಾದಷ್ಟೇ ಕಲಸಿಕೊಳ್ಳಿ.

ಸೀಸದ ಸಿಪಾಯಿ, ಮೈಸೂರು · ಜುಲೈ 16

ಮೇಡಂ, ನನ್ನ ಆರು ಎತ್ತುಗಳು ಕಂದು ಬಿಳಿ ತೇಪೆಯವೇ. ಇವತ್ತೇ ಬಣ್ಣ ಕಳಚುವ ದ್ರವದಲ್ಲಿ ಮುಳುಗಿಸಿದೆ. ಕೊಂಬಿನ ಫೋಟೋ ಪಕ್ಕದಿಂದ ಒಂದು, ಮುಂದಿನಿಂದ ಒಂದು ಕಳಿಸುತ್ತೀರಾ?

ಅಜ್ಜಂಪುರದ ಹುಡುಗಿ · ಜುಲೈ 17

ಕಳಿಸಿದ್ದೇನೆ. ಹಿಂದಿನಿಂದಲೂ ಒಂದು ಹಾಕಿದ್ದೇನೆ. ಮೇಜಿನ ಮೇಲೆ ಜಾಸ್ತಿ ಕಾಣುವುದು ಎತ್ತಿನ ಬೆನ್ನೇ ಅಲ್ವಾ.

ಕಡಲೂರ ಕುಂಚ, ಮಂಗಳೂರು · ಜುಲೈ 20

ಮಳೆಗಾಲದ ಎಚ್ಚರಿಕೆ ಒಂದು ಹೇಳಿಬಿಡುತ್ತೇನೆ, ನಿನ್ನೆಯ ನೋವು ಇನ್ನೂ ಹಸಿಯಾಗಿದೆ. 20 ಅಸ್ಥಿಪಂಜರ ಮುಗಿಸಿದ್ದೆ. ಎಲುಬಿನ ಸಂದಿಗೆ ಕಂದು ವಾಶ್, ಮೇಲೆ ದಂತದ ಬಣ್ಣದ ಡ್ರೈಬ್ರಶ್ (ಬಣ್ಣ ಒರೆಸಿದ ಒಣ ಕುಂಚದಿಂದ ಉಬ್ಬುಗಳ ಮೇಲೆ ಸವರುವುದು), ಗುರಾಣಿಗಳಿಗೆ ತುಕ್ಕು, ಎಲ್ಲ ಚೆನ್ನಾಗಿ ಬಂದಿತ್ತು. ಬಾಲ್ಕನಿಯಲ್ಲಿ ನಿಂತು ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಹೊರಗೆ ಮಳೆ ಬರುತ್ತಿತ್ತು. ಹತ್ತು ನಿಮಿಷದಲ್ಲಿ ಇಪ್ಪತ್ತೂ ಗೊಂಬೆಗಳ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಪೊರೆ. ಮೂರು ವಾರದ ಕೆಲಸ. ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಡಬ್ಬಿಯದ್ದಲ್ಲ, ಗಾಳಿಯದ್ದು. ವಾರ್ನಿಶ್ ಒಣಗುವಾಗ ಗಾಳಿಯಲ್ಲಿನ ತೇವ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಬೆಳಕು ಅದರಲ್ಲಿ ಚದುರಿ ಬೆಳ್ಳಗೆ ಕಾಣುತ್ತದೆ. ಬೆಳಿಗ್ಗೆ ಒಂದು ಗೊಂಬೆಗೆ ಕುಂಚದಿಂದ ಹೊಳಪಿನ ವಾರ್ನಿಶ್ ಹಚ್ಚಿ ನೋಡಿದೆ. ಪೊರೆ ಮಾಯ, ಬಣ್ಣ ವಾಪಸ್ ಬಂತು! ಒಣಗಿದ ಮೇಲೆ ಕುಂಚದಿಂದಲೇ ಮ್ಯಾಟ್ ಹಚ್ಚಿದೆ. ಈಗ ಹದಿನೇಳು ಉಳಿದುಕೊಂಡಿವೆ. ಮೂರಕ್ಕೆ ಮತ್ತೆ ಬಣ್ಣ ಬೇಕು.

ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಪ್ರೈಮರ್ ಕೂಡ ಕುಂಚದಿಂದಲೇ ಹಚ್ಚಿ.

ಆರು ಮಿಲಿ, ಬೆಂಗಳೂರು · ಜುಲೈ 20

ಅಯ್ಯೋ ಪಾಪ. ಹದಿನೇಳು ಉಳಿಸಿಕೊಂಡದ್ದು ದೊಡ್ಡ ಕೆಲಸ. ನಮ್ಮ ಕಡೆ ತೊಂದರೆ ಬೇಸಿಗೆಯದ್ದು. ಏಪ್ರಿಲ್‌ನಲ್ಲಿ ಪ್ಯಾಲೆಟ್ ಮೇಲೆ ಬಣ್ಣ ಐದು ನಿಮಿಷ ನಿಲ್ಲುವುದಿಲ್ಲ. ಮುಚ್ಚಳ ಇರುವ ಪ್ಲಾಸ್ಟಿಕ್ ಊಟದ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಕೇಕ್ ಬೇಯಿಸುವಾಗ ತಟ್ಟೆಗೆ ಹಾಕುವ ಕಾಗದ ಇಟ್ಟು ಅದರ ಮೇಲೆ ಬಣ್ಣ ಕಲಸುತ್ತೇನೆ. ಮುಚ್ಚಿಟ್ಟರೆ ಮೂರು ದಿನ ಹಸಿ ಇರುತ್ತದೆ. ವಾಸನೆ ಬರದಿರಲು ಸ್ಪಂಜಿನ ಕೆಳಗೆ ಒಂದು ತಾಮ್ರದ ಕಾಸು.

ಹೊಸಬ, ಹುಬ್ಬಳ್ಳಿ · ಆಗಸ್ಟ್ 3

ನನ್ನ ಹತ್ತೂ ಮುಗದಾವ ರೀ! ಗೊಂಬಿ ನಿಂತ ಬೇಸ್ ಮ್ಯಾಲೆ ಏನು ಹಾಕೋದು? ಹಸರು ಹುಲ್ಲಿನ ಪುಡಿ ತರಸಬೇಕೇನು?

ಸೀಸದ ಸಿಪಾಯಿ, ಮೈಸೂರು · ಆಗಸ್ಟ್ 3

ಅಭಿನಂದನೆ! ಹತ್ತು ಮುಗಿಸಿದವರಿಗೆ ನೂರು ಕಷ್ಟ ಅಲ್ಲ.

ಹಸಿರು ಪುಡಿಗೆ ದುಡ್ಡು ಹಾಕಬೇಡಿ. ನಿಮ್ಮ ಸಿಪಾಯಿಗಳು ಎಲ್ಲಿ ನಿಂತಿದ್ದಾರೆ, ಯಾವ ತಿಂಗಳು, ಅದನ್ನು ಮೊದಲು ಯೋಚಿಸಿ. ನನ್ನದು ಮೇ ತಿಂಗಳು. ಮಳೆ ಬಂದು ಕಾವೇರಿ ತುಂಬುವ ಮೊದಲು ಕೋಟೆ ಹಿಡಿಯಬೇಕು ಅಂತಲೇ ಹ್ಯಾರಿಸ್ ಆತುರಪಟ್ಟಿದ್ದು. ಮಧ್ಯಾಹ್ನದ ಉರಿಬಿಸಿಲಲ್ಲಿ, ದಾಳಿಯ ಮುಂದಾಳು ಜನರಲ್ ಬೇರ್ಡ್‌ನ ಕಡೆಯವರು ಬಂಡೆ ಎದ್ದ ಹೊಳೆ ದಾಟಿ ಬಂದರು. ಈ ಬೇರ್ಡ್ ಪೊಳ್ಳಿಲೂರಲ್ಲಿ ಸೆರೆಸಿಕ್ಕು ಇದೇ ಊರಲ್ಲಿ 44 ತಿಂಗಳು ಬಂದಿಯಾಗಿದ್ದವನು. ಅಂಥ ಜಾಗಕ್ಕೆ ಇಂಗ್ಲೆಂಡಿನ ಹುಲ್ಲುಹಾಸು ಹಾಕಿದರೆ ಹೇಗೆ?

ನಾನು ಹಾಕಿದ್ದು: ಮನೆ ಕಟ್ಟುವ ಕಡೆಯಿಂದ ತಂದ ಎಂ-ಸ್ಯಾಂಡ್ ಜರಡಿ ಹಿಡಿದು ಫೆವಿಕಾಲ್ ಮೇಲೆ ಉದುರಿಸಿದೆ. ಅದಕ್ಕೆ ಕೆಮ್ಮಣ್ಣಿನ ಬಣ್ಣ, ಮೇಲೆ ತಿಳಿ ಮಣ್ಣಿನ ಡ್ರೈಬ್ರಶ್. ಒಣಹುಲ್ಲಿಗೆ ತೆಂಗಿನ ನಾರನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಕುಚ್ಚು ಮಾಡಿ ನೆಟ್ಟೆ. ತರಗೆಲೆಗೆ ಸೋಸಿದ ಚಹಾ ಚರಟ. ಚೆನ್ನಾಗಿ ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ಟ್ರೆಂಟ್ ದಂಡೆ, ನಾಟಿಂಗ್‌ಹ್ಯಾಮ್ · ಆಗಸ್ಟ್ 4

ತೆಂಗಿನ ನಾರು! ಇಲ್ಲಿ ಇದೇ ಕುಚ್ಚುಗಳನ್ನು ಪುಟ್ಟ ಪೊಟ್ಟಣದಲ್ಲಿ ಇಟ್ಟು ಮಾರುತ್ತಾರೆ. ಕಾಲೊರೆಸುವ ಚಾಪೆಯಿಂದ ಒಂದು ಹಿಡಿ ಕಿತ್ತುಕೊಂಡೆ ಈಗಷ್ಟೇ.

ರಾಕೆಟ್ಟಿನವರನ್ನು ಮಾಡುತ್ತೀರಾ ಸರ್? ಟಿಪ್ಪು ಸೈನ್ಯ ಅಂದ ಕೂಡಲೇ ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ಕೇಳುವುದು ಅದನ್ನೇ.

ಸೀಸದ ಸಿಪಾಯಿ, ಮೈಸೂರು · ಆಗಸ್ಟ್ 11

ಮಾಡದೆ ಇರುತ್ತೇನಾ. ಎಂಟು ಜನ. ಇದರಲ್ಲಿ ಅಳತೆಗೆ ನಮ್ಮ ಹತ್ತಿರ ಒಳ್ಳೆಯ ಆಧಾರವೇ ಇದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವಲ್ಲ. ಆ ಕಬ್ಬಿಣದ ಕೊಳವೆಗಳು 23ರಿಂದ 26 ಸೆಂ.ಮೀ. ಉದ್ದ. 28 ಮಿ.ಮೀ. ಗೊಂಬೆ ಎಂದರೆ ಸುಮಾರು 56ರಲ್ಲಿ ಒಂದು ಪಾಲು. ಭಾಗಿಸಿ ನೋಡಿದರೆ ಕೊಳವೆ ನಾಲ್ಕೂವರೆ ಮಿ.ಮೀ. ಬರುತ್ತದೆ. ಒಂದು ಅಕ್ಕಿ ಕಾಳಿಗಿಂತ ಕಡಿಮೆ!

ಗೊಂಬೆಯ ಜೊತೆ ಬಂದಿದ್ದ ರಾಕೆಟ್ಟುಗಳು ದೀಪಾವಳಿ ಸಿಡಿಮದ್ದಿನ ಹಾಗೆ ಗುಂಡಗೆ ಇದ್ದವು. ಎಲ್ಲ ಕತ್ತರಿಸಿದೆ. ಬಾಲ್ ಪೆನ್ನಿನ ರೀಫಿಲ್ ಕೊಳವೆಯಿಂದ ನಾಲ್ಕೂವರೆ ಮಿ.ಮೀ. ತುಂಡು ಮಾಡಿ, ಪೊರಕೆ ಕಡ್ಡಿಗೆ ಹೊಲಿಗೆ ನೂಲಿಂದ ಕಟ್ಟಿದೆ. ಕಡ್ಡಿ ಆಳಿಗಿಂತ ಉದ್ದ ಇದೆ. ನಿಜವಾದ ರಾಕೆಟ್ಟಿಗೆ ಕಟ್ಟುವ ಬಿದಿರು ಅಷ್ಟು ಉದ್ದ ಇದ್ದರೇ ಅದು ನೆಟ್ಟಗೆ ಹೋಗುವುದು. ಕೊಳವೆಗೆ ಕಪ್ಪು ಮಿಶ್ರಿತ ಕಬ್ಬಿಣದ ಬಣ್ಣ, ಹಿಂಬದಿಗೆ ಚೂರು ಮಸಿ. ನೂಲಿನ ಎರಡು ಸುತ್ತು ಬರಿಗಣ್ಣಿಗೆ ಕಾಣುತ್ತದೆ. ಫೋಟೋದಲ್ಲಿ ಬಂದಿಲ್ಲ, ಅದೊಂದು ಬೇಜಾರು.

ಎತ್ತುಗಳೂ ಮುಗಿದವು. ಅಜ್ಜಂಪುರದ ಮೇಡಂ ನೋಡಿ ಹೇಳಬೇಕು.

ಅಜ್ಜಂಪುರದ ಹುಡುಗಿ · ಆಗಸ್ಟ್ 12

ಎಡಗಡೆಯ ಎರಡನೆಯದರ ಕೊಂಬು ಸ್ವಲ್ಪ ಅಗಲ ಆಯಿತು. ಉಳಿದ ಐದೂ ನಮ್ಮವೇ. ಅಪ್ಪನಿಗೆ ತೋರಿಸಿದೆ. ಮುಂದಿನ ಜೋಡಿಯನ್ನು ನೋಡಿ 'ಇದು ಹೂಡೋಕೆ ಬಗ್ಗೋ ಎತ್ತಲ್ಲ, ಕಣ್ಣಲ್ಲೇ ಗೊತ್ತಾಗುತ್ತೆ' ಅಂದರು.

ಸೀಸದ ಸಿಪಾಯಿ, ಮೈಸೂರು · ದಸರಾ ಮೂರನೇ ದಿನ

ಬಹಳ ದಿನ ಆಯಿತು ಬರೆದು. 96 ಜನರೂ ಮುಗಿದರು. 30 ಹೊಸ ಅಂಗಿ, 40 ಮಧ್ಯಮ, 26 ಮಾಸಿದ್ದು. ಒಟ್ಟು ಲೆಕ್ಕ ಹಾಕಿದರೆ ಮೂರು ಸಾವಿರದ ಹತ್ತಿರ ಚುಕ್ಕೆ ಇಟ್ಟಿದ್ದೇನೆ.

ಮನೆಯಲ್ಲಿ ಗೊಂಬೆ ಕೂರಿಸಿದ್ದೇವೆ. ಪ್ರತಿ ವರ್ಷ ಮೂರನೇ ಮೆಟ್ಟಿಲಲ್ಲಿ ಅಜ್ಜಿಯ ಹಳೇ ಮಣ್ಣಿನ ಬ್ಯಾಂಡಿನವರು, ಜಂಬೂಸವಾರಿ ಇರುತ್ತವೆ. ಈ ಸಲ ಅಜ್ಜಿ ತಾನಾಗಿಯೇ 'ನಿನ್ನ ಸಿಪಾಯಿಗಳನ್ನೂ ತಾ' ಅಂದರು. ಹೆಮ್ಮೆಯಿಂದ ತಂದು ಎರಡು ಸಾಲು ನಿಲ್ಲಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಒಬ್ಬನನ್ನು ಕೈಗೆ ತೆಗೆದುಕೊಂಡರು. ಅಂಗಿ ನೋಡಿ ಸಂದುಚುಕ್ಕಿ ಅಂತ ತಕ್ಷಣ ಹೇಳಿದರು. ಆಮೇಲೆ ಮುಖ ನೋಡಿ, 'ಇವನಿಗೆ ಕಣ್ಣೆಲ್ಲಿ ಮಗಾ?' ಅಂದರು.

ಮೂರಡಿ ದೂರದಿಂದ ಕಾಣುವುದಿಲ್ಲ ಅಜ್ಜಿ, ಸೈನ್ಯಕ್ಕೆ ಬೇಡ ಅಂತ ವಿವರಿಸಿದೆ. ಅವರು ಪೂರ್ತಿ ಕೇಳಿದರು. 'ನೀನು ಮೇಜಿನ ಮೇಲೆ ಹೇಗಾದರೂ ಇಟ್ಟುಕೋ. ಪೂಜೆ ಆಗುವ ಕಡೆ ಕಣ್ಣಿಲ್ಲದ ಗೊಂಬೆ ಕೂರಿಸಬಾರದು' ಅಂದು ಅವನನ್ನು ನನ್ನ ಕೈಗೆ ಕೊಟ್ಟರು.

ನಿನ್ನೆ ರಾತ್ರಿ ಮುಂದಿನ ಸಾಲಿನ 12 ಜನರಿಗೆ ಕಣ್ಣು ಬರೆದೆ. ಗುಳಿಯ ಕಡುಕಂದಿನ ಮೇಲೆ ಅಕ್ಕಿ ಬಣ್ಣದ ಸಣ್ಣ ಗೆರೆ, ಅದರ ನಡುವೆ ತೆಳು ಮೊನೆಯ ಪೆನ್ನಿಂದ ಒಂದು ಕಪ್ಪು ಚುಕ್ಕೆ. ಮೇಲಿನ ರೆಪ್ಪೆಗೆ ಕಂದು ಗೆರೆ ಎಳೆದರೆ ಬೆಚ್ಚಿದ ಹಾಗೆ ಕಾಣುವುದಿಲ್ಲ. ಇದು ನನಗೆ ಮೊದಲು ಗೊತ್ತಿರಲಿಲ್ಲ. ಅಜ್ಜಿ ಬೆಳಿಗ್ಗೆ ಒಬ್ಬೊಬ್ಬರನ್ನೇ ಎತ್ತಿ ನೋಡಿ ಮೂರನೇ ಮೆಟ್ಟಿಲಿಗೆ ತಾವೇ ಇಟ್ಟರು.

ಹಿಂದಿನ 84 ಜನ ಇನ್ನೂ ನನ್ನ ಕೋಣೆಯಲ್ಲಿದ್ದಾರೆ. ಇವತ್ತು ಸಂಜೆ ಇನ್ನು 12 ಜನರನ್ನು ಹಿಡಿಯುತ್ತೇನೆ.

ಕಡಲೂರ ಕುಂಚ, ಮಂಗಳೂರು · ದಸರಾ ಮೂರನೇ ದಿನ

ರೆಪ್ಪೆಯ ಗೆರೆಗೆ ಯಾವ ಕಂದು ಹಾಕಿದಿರಿ? ನನ್ನ ಮಂತ್ರವಾದಿಗಳನ್ನು ಡಬ್ಬಿಯಿಂದ ಹೊರಗೆ ತೆಗೆದಿದ್ದೇನೆ.